ಚೆಕ್ ಪುಸ್ತಕ ಯಾರ ಕೈಯಲ್ಲಿದೆ?

ಪ್ರಶ್ನೆ: ನಾವು ಮೈಸೂರಿನ ಎಂಟು ಮಂದಿ ಗೆಳೆಯರು, 24ರಿಂದ 31 ವರ್ಷದೊಳಗಿನವರು. ಎರಡು ವರ್ಷಗಳಿಂದ ಭಾನುವಾರ ಬೆಳಿಗ್ಗೆ ಪಿಯುಸಿ ಮತ್ತು ಪದವಿ ವಿದ್ಯಾರ್ಥಿಗಳಿಗೆ ನಾಯಕತ್ವ ತರಬೇತಿ ನಡೆಸುತ್ತಿದ್ದೇವೆ. ಕಾರ್ಯಕ್ರಮಗಳ ಪಟ್ಟಿಯನ್ನು ಜೊತೆಗಿಟ್ಟಿದ್ದೇವೆ. ಈಗ ಒಂದು ಕಂಪನಿಯವರು ‘ನೋಂದಣಿ ಮಾಡಿಸಿಕೊಂಡು ಬನ್ನಿ, ನೆರವು ಕೊಡುತ್ತೇವೆ’ ಎಂದಿದ್ದಾರೆ. ಟ್ರಸ್ಟ್ ಮಾಡುವುದೋ, ಸಂಘ ಮಾಡುವುದೋ? ಹಣಕಾಸಿನ ದಾರಿ ಯಾವುದು? ಇನ್ನೊಂದು ಸಂಕೋಚದ ಪ್ರಶ್ನೆ: ಮೊದಲ ವರ್ಷ ಅರುವತ್ತು ಮಂದಿ ಬರುತ್ತಿದ್ದರು, ಈಗ ಹದಿನೈದು ಮಂದಿ ಬಂದರೆ ಹೆಚ್ಚು. ನಮ್ಮಲ್ಲಿ ಏನು ತಪ್ಪಾಗಿದೆ?

ಉತ್ತರ: ಸಂಕೋಚದಿಂದ ಕೊನೆಗಿಟ್ಟ ಪ್ರಶ್ನೆಯನ್ನೇ ನಾನು ಮೊದಲು ತೆಗೆದುಕೊಳ್ಳುತ್ತೇನೆ. ಅದಕ್ಕೆ ಉತ್ತರ ಸಿಕ್ಕರೆ ಟ್ರಸ್ಟೋ ಸಂಘವೋ ಎನ್ನುವುದು ಅರ್ಧ ತಾನಾಗಿಯೇ ಇತ್ಯರ್ಥವಾಗುತ್ತದೆ.

ನಿಮ್ಮ ಕಾರ್ಯಕ್ರಮ ಪಟ್ಟಿಯನ್ನು ಎರಡು ಸಲ ಓದಿದೆ. ‘ಗುರಿ ನಿರ್ಧಾರ’, ‘ಸಂವಹನ ಕಲೆ’, ‘ಸಮಯ ನಿರ್ವಹಣೆ’, ‘ಸಾಧಕರೊಡನೆ ಸಂವಾದ’. ಒಂದೊಂದು ಭಾನುವಾರಕ್ಕೆ ಒಂದೊಂದು ಭಾಷಣ. ಬಂದ ಹುಡುಗ ಹುಡುಗಿಯರು ಈ ಎರಡು ವರ್ಷಗಳಲ್ಲಿ ತಾವೇ ಕೂತು ಏನನ್ನು ತೀರ್ಮಾನಿಸಿದರು ಎಂದು ಹುಡುಕಿದೆ. ಸಿಕ್ಕಿದ್ದು ಒಂದೇ: ಸಮಾರೋಪದ ದಿನದ ಊಟಕ್ಕೆ ಪುಳಿಯೋಗರೆಯೋ ಬಿಸಿಬೇಳೆ ಬಾತೋ ಎಂಬುದನ್ನು ‘ಶಿಬಿರಾರ್ಥಿಗಳ ಅಭಿಪ್ರಾಯ ಪಡೆದು’ ನಿರ್ಧರಿಸಿದ್ದೀರಿ. ಮಿಕ್ಕ ದಿನಗಳಲ್ಲಿ ಅವರು ಕುರ್ಚಿಯ ಮೇಲೆ ಕೂತು ಕೇಳಿದರು. ವಾರವಿಡೀ ಕಾಲೇಜಿನಲ್ಲಿ ಕೂತು ಕೇಳುವವರು ಭಾನುವಾರವೂ ಬಂದು ಕೂತು ಕೇಳಲಿ ಎಂದರೆ ಎಷ್ಟು ದಿನ ಕೇಳಿಯಾರು? ನಲವತ್ತೈದು ಮಂದಿ ಬರುವುದು ಬಿಟ್ಟದ್ದು ಸೋಮಾರಿತನದಿಂದಲ್ಲ. ಬರದಿದ್ದರೆ ಏನೂ ತಪ್ಪಿಹೋಗುವುದಿಲ್ಲ ಎಂಬುದು ಅವರಿಗೆ ತಿಳಿದುಹೋಗಿದೆ, ಅಷ್ಟೇ.

ಇದನ್ನು ನಿಮ್ಮನ್ನು ಹೀಗಳೆಯಲು ಹೇಳುತ್ತಿಲ್ಲ. ಈ ಕೆಲಸದಲ್ಲಿ ಇಪ್ಪತ್ತೆರಡು ವರ್ಷ ಕಳೆದಿದ್ದೇನೆ, ಅದರಲ್ಲಿ ಮೊದಲ ಆರು ವರ್ಷ ನಾನೂ ಇದನ್ನೇ ಮಾಡಿದವನು. ಒಮ್ಮೆ ನಾನೂರು ವಿದ್ಯಾರ್ಥಿಗಳನ್ನು ಒಂದು ಸಭಾಂಗಣದಲ್ಲಿ ಕೂಡಿಸಿ, ‘ನಿಮ್ಮಲ್ಲಿ ನಾಳೆಯ ನಾಯಕರು ಯಾರು?’ ಎಂದು ಮೈಕಿನಲ್ಲಿ ಕೇಳಿ, ನಾನೂರು ಕೈ ಮೇಲೆದ್ದದ್ದನ್ನು ನೋಡಿ ಪುಳಕಗೊಂಡವನು. ಸಂಜೆ ಪ್ರಮಾಣಪತ್ರ ಹಂಚಿದೆವು. ಕುರ್ಚಿ ಎತ್ತಿಡಲು ನಿಂತವರು ಮೂರೇ ಮಂದಿ. ಆ ಮೂವರ ಹೆಸರನ್ನೂ ನಾನು ಬರೆದುಕೊಳ್ಳಲಿಲ್ಲ.

ಕಣ್ಣು ತೆರೆಸಿದ್ದು ಬೀದಿದೀಪ. ಒಂದು ಊರಿನಲ್ಲಿ ಪಿಯುಸಿ ಓದುವ ಏಳು ಹುಡುಗಿಯರ ಗುಂಪಿತ್ತು. ನಮ್ಮ ತರಬೇತಿಯಲ್ಲಿ ಬಣ್ಣದ ಚಾರ್ಟಿನ ಮೇಲೆ ‘ನನ್ನ ಕನಸಿನ ನಗರ’ ಬರೆದು ಅಂಟಿಸಿದ್ದರು. ಟ್ಯೂಷನ್ ಮುಗಿಸಿ ಬಸ್ ನಿಲ್ದಾಣಕ್ಕೆ ನಡೆಯುವ ರಸ್ತೆ ಕತ್ತಲು ಎಂದು ಒಬ್ಬಳು ಮಾತಿನ ನಡುವೆ ಹೇಳಿದಳು. ಚಾರ್ಟು ಬಿಟ್ಟು ಹೋಗಿ ಕಂಬ ಎಣಿಸಿಕೊಂಡು ಬನ್ನಿ ಎಂದೆ. ಹದಿನೇಳು ಕಂಬ, ಅವುಗಳಲ್ಲಿ ಹನ್ನೊಂದು ಉರಿಯುತ್ತಿರಲಿಲ್ಲ. ನಗರಾಡಳಿತದ ಕಚೇರಿಗೆ ಹೋದರೆ ಕಂಬ ವಿದ್ಯುತ್ ಕಂಪನಿಯದು ಎಂದರು. ವಿದ್ಯುತ್ ಕಂಪನಿಗೆ ಹೋದರೆ ಕಂಬ ನಮ್ಮದು, ದೀಪ ಅವರದು ಎಂದರು. ಎರಡೂ ನಿಜ, ನಮ್ಮ ಊರುಗಳಲ್ಲಿ ವ್ಯವಸ್ಥೆ ಇರುವುದೇ ಹಾಗೆ. ಮೂರನೆಯ ಸಲ ಹೋದಾಗ ಹದಿನೇಳು ವರ್ಷದ ಆ ಹುಡುಗಿ ಎಂಜಿನಿಯರ ಮೇಜಿನ ಮುಂದೆ ನೋಟ್‌ಬುಕ್ ತೆರೆದು, ‘ಸರ್, ಕಂಬದ ನಂಬರ್ ಹೇಳುತ್ತೇನೆ, ಬರೆದುಕೊಳ್ಳಿ’ ಎಂದಳು. ಪ್ರತಿ ಕಂಬಕ್ಕೂ ಬಳಿದಿರುವ ಸಂಖ್ಯೆಯನ್ನು ಅವರು ಇಳಿಸಿಕೊಂಡು ಬಂದಿದ್ದರು. ಎಂಜಿನಿಯರು ಒಂದು ಕ್ಷಣ ನೋಡಿ, ಪೆನ್ನು ಹುಡುಕಿದರು.

ಹನ್ನೊಂದರಲ್ಲಿ ಎಂಟು ದೀಪ ಹತ್ತಿದವು. ಮೂರು ಹತ್ತಲಿಲ್ಲ, ಆಮೇಲೆ ಎರಡು ಮತ್ತೆ ಕೆಟ್ಟವು. ಆದರೆ ಆ ಏಳು ಮಂದಿಯಲ್ಲಿ ಐವರು ಮುಂದಿನ ನಾಲ್ಕು ವರ್ಷ ನಮ್ಮನ್ನು ಬಿಟ್ಟುಹೋಗಲಿಲ್ಲ. ಕನಸಿನ ನಗರದ ಚಾರ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ.

ನಿಮ್ಮ ಊರಿನಲ್ಲೇ ಇದಕ್ಕಿಂತ ದೊಡ್ಡ ಉದಾಹರಣೆ ಇದೆ. ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ 1984ರಲ್ಲಿ ಹುಟ್ಟಿದ್ದು ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳಿಂದ. ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಆಗ ಇನ್ನೂ ಓದುತ್ತಿದ್ದ ಹುಡುಗರು. ಬಡ ರೋಗಿಗಳಿಗೆ ಔಷಧಿ, ರಕ್ತ ಹೊಂದಿಸುವಂಥ ಕೈಗೆಟುಕುವ ಕೆಲಸಗಳಿಂದ ಶುರುಮಾಡಿ, ಹೆಗ್ಗಡದೇವನಕೋಟೆಯ ಕಾಡಂಚಿನ ಆದಿವಾಸಿ ಹಾಡಿಗಳಿಗೆ ಹೋಗಿ ಆಸ್ಪತ್ರೆ, ಶಾಲೆ ಕಟ್ಟಿದರು. ನಾಯಕತ್ವವನ್ನು ಕಲಿಸುವ ಸಂಸ್ಥೆಯೊಂದನ್ನು, ವಿ-ಲೀಡ್ ಎಂಬುದನ್ನು, ಅವರು ಕಟ್ಟಿದ್ದು ಎಷ್ಟೋ ಕಾಲದ ಮೇಲೆ. ಕೆಲಸ ಮೊದಲು ಬಂತು, ತರಗತಿ ಆಮೇಲೆ. ನಾವೆಲ್ಲ ಇದನ್ನು ತಲೆಕೆಳಗು ಮಾಡುತ್ತೇವೆ.

ಬೆಂಗಳೂರಿನದು ಇನ್ನೊಂದು ಬಗೆಯದು. ದುಡಿಯುವ ಮಕ್ಕಳ ನಡುವೆ ಕೆಲಸ ಮಾಡುವ ‘ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ (ಸಿಡಬ್ಲ್ಯೂಸಿ) ಸಂಸ್ಥೆಯ ಬೆಂಬಲದಲ್ಲಿ 1990ರಲ್ಲಿ ‘ಭೀಮ ಸಂಘ’ ಕಟ್ಟಿಕೊಂಡದ್ದು ಆ ಮಕ್ಕಳೇ. ಮಕ್ಕಳಿಗಾಗಿ ದೊಡ್ಡವರು ಮಾಡಿದ ಸಂಘ ಅದಲ್ಲ, ಮಕ್ಕಳೇ ಸದಸ್ಯರಾಗಿ, ಮಕ್ಕಳೇ ಪ್ರತಿನಿಧಿಗಳಾದ ಸಂಘ. ದೊಡ್ಡವರು ಪಕ್ಕದಲ್ಲಿದ್ದರು. ಹುಬ್ಬಳ್ಳಿಯಲ್ಲಿ ದೇಶಪಾಂಡೆ ಫೌಂಡೇಷನ್‌ನ ‘ಲೀಡ್’ ಕಾರ್ಯಕ್ರಮ ಕಾಲೇಜು ವಿದ್ಯಾರ್ಥಿಗಳ ಕೈಗೆ ಸಣ್ಣ ಮೊತ್ತ ಕೊಟ್ಟು, ತಮ್ಮ ಸುತ್ತಲಿನ ಒಂದು ತೊಂದರೆಯನ್ನು ತಾವೇ ಹುಡುಕಿ ಬಿಡಿಸುವಂತೆ ಮಾಡಿತು. ಮೂರೂ ಬೇರೆ ಬೇರೆ ಸ್ವಭಾವದವು, ಮೂರರ ವಿಚಾರವೂ ಒಂದೇ ಅಲ್ಲ. ಆದರೆ ಮೂರರಲ್ಲೂ ಎಳೆಯರ ಕೈಗೆ ಏನೋ ಒಂದು ನಿಜವಾದ ಹೊಣೆ ಬಿದ್ದಿದೆ, ಕೆಟ್ಟರೆ ಅವರದೇ ಕೆಡುವಂಥದ್ದು.

ಯುವ ನಾಯಕತ್ವದ ಸಂಸ್ಥೆ ಎಂದು ಯಾರೇ ಹೇಳಿಕೊಂಡು ಬಂದರೂ ನಾನು ಕೇಳುವುದು ಒಂದನ್ನೇ: ನಿಮ್ಮ ಚೆಕ್ ಪುಸ್ತಕದ ಮೇಲೆ ಸಹಿ ಮಾಡುವ ಮೂವರಲ್ಲಿ 25 ವರ್ಷದ ಒಳಗಿನವರು ಯಾರಿದ್ದಾರೆ? ಸಾಮಾನ್ಯವಾಗಿ ಉತ್ತರ ಬರುವುದಿಲ್ಲ, ನಗು ಬರುತ್ತದೆ.

ಹಾಗೆ ಕೊಟ್ಟರೆ ದುಡ್ಡು ಹಾಳಾಗುವುದಿಲ್ಲವೇ ಎನ್ನುತ್ತೀರಿ. ಸ್ವಲ್ಪ ಹಾಳಾಗುತ್ತದೆ. ನಾವು ಮೊದಲ ಸಲ ಐದು ಹುಡುಗರ ತಂಡಕ್ಕೆ ಐದು ಸಾವಿರ ರೂಪಾಯಿ ಕೊಟ್ಟೆವು, ತಮ್ಮ ಬಡಾವಣೆಯ ಗ್ರಂಥಾಲಯಕ್ಕೆ ಓದುಗರನ್ನು ಕರೆತರುವ ಕೆಲಸಕ್ಕೆ. ಅದರಲ್ಲಿ 1,800 ರೂಪಾಯಿ ಫ್ಲೆಕ್ಸಿಗೆ ಹೋಯಿತು, ಐವರ ಮುಖವೂ ದೊಡ್ಡದಾಗಿ ಇದ್ದ ಫ್ಲೆಕ್ಸು. ನಮ್ಮ ಸಮಿತಿಯ ಹಿರಿಯರೊಬ್ಬರು ಕೂಡಲೇ ಕರೆದು ಬುದ್ಧಿ ಹೇಳಬೇಕು ಎಂದರು. ಬೇಡ ಎಂದು ತಡೆದೆ, ನನಗೂ ಒಳಗೆ ಉರಿಯುತ್ತಿತ್ತು ಎನ್ನಿ. ತಿಂಗಳ ಸಭೆಯಲ್ಲಿ ಪ್ರತಿ ತಂಡವೂ ತನ್ನ ಲೆಕ್ಕವನ್ನು ಎದ್ದು ನಿಂತು ಓದಬೇಕು, ಅದು ನಮ್ಮಲ್ಲಿದ್ದ ಒಂದೇ ಕಟ್ಟುಪಾಡು. ಹುಡುಗ ಓದುತ್ತಾ ‘ಪ್ರಚಾರ, 1,800’ ಎಂದು ಬೇಗ ದಾಟಿಸಲು ನೋಡಿದ. ಹಿಂದಿನ ಸಾಲಿನಿಂದ ಇನ್ನೊಂದು ತಂಡದ ಹುಡುಗಿ, ‘ಆ ದುಡ್ಡಿಗೆ ಎಷ್ಟು ಪುಸ್ತಕ ಬರುತ್ತಿತ್ತು?’ ಎಂದಳು. ಅಷ್ಟೇ. ಆಮೇಲೆ ನಮ್ಮಲ್ಲಿ ಯಾವ ತಂಡವೂ ಫ್ಲೆಕ್ಸ್ ಹಾಕಿಸಿದ್ದು ನನಗೆ ನೆನಪಿಲ್ಲ. ನಾನು ಒಂದು ಗಂಟೆ ಭಾಷಣ ಮಾಡಿದ್ದರೂ ಆಗುತ್ತಿರಲಿಲ್ಲ.

ಆದ್ದರಿಂದ ನಿಮ್ಮ ಮುಂದಿನ ಮೂರು ತಿಂಗಳ ಭಾಷಣಗಳನ್ನು ರದ್ದು ಮಾಡಿ. ಉಳಿದಿರುವ ಹದಿನೈದು ಮಂದಿಯನ್ನು ಮೂರು ತಂಡ ಮಾಡಿ, ನೀವು ಎಂಟು ಮಂದಿ ಜೇಬಿನಿಂದ ಹಾಕಿ ತಂಡಕ್ಕೆ ಮೂರು ಸಾವಿರ ಕೊಡಿ. ಕೆಲಸ ಅವರೇ ಆರಿಸಲಿ. ಏನೂ ತೋಚದಿದ್ದರೆ ಎರಡು ಕೆಲಸ ಸೂಚಿಸಬಹುದು. ಒಂದು, ಮತದಾರರ ಪಟ್ಟಿ. 2022ರಿಂದ ಹೆಸರು ಸೇರಿಸಲು ಜನವರಿ 1 ಒಂದೇ ದಿನಾಂಕವಲ್ಲ, ಏಪ್ರಿಲ್, ಜುಲೈ, ಅಕ್ಟೋಬರ್ 1 ಕೂಡ ಅರ್ಹತಾ ದಿನಗಳು, 17 ತುಂಬಿದವರು ಹೆಸರು ಸೇರಿಸುವ ಅರ್ಜಿಯಾದ ನಮೂನೆ 6ನ್ನು ಮುಂಗಡವಾಗಿಯೇ ಕೊಡಬಹುದು. ಇದು ಕಾಲೇಜುಗಳಲ್ಲಿ ಎಷ್ಟೋ ಮಂದಿಗೆ ಗೊತ್ತಿಲ್ಲ. ತಮ್ಮ ಕಾಲೇಜಿನ ಒಂದು ತರಗತಿಯನ್ನು ಪೂರ್ತಿ ಪಟ್ಟಿಗೆ ಸೇರಿಸುವುದು ಎರಡು ತಿಂಗಳ ಅಚ್ಚುಕಟ್ಟಾದ ಕೆಲಸ. ಎರಡನೆಯದು, ಮಾಹಿತಿ ಹಕ್ಕಿನ ಒಂದು ಅರ್ಜಿ. ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ದಾಟಬಾರದು. ಒಂದು ಪ್ರಶ್ನೆಯನ್ನು 150 ಪದದೊಳಗೆ ನುಣುಚಿಕೊಳ್ಳಲಾಗದಂತೆ ಬರೆಯುವುದು ನಿಮ್ಮ ‘ಸಂವಹನ ಕಲೆ’ಯ ಹನ್ನೆರಡು ತರಗತಿಗೆ ಸಮ.

ಇಲ್ಲಿ ಒಂದು ಮಾತು. ನಗರದ ಎಳೆಯರಿಗೆ ತೀರ್ಮಾನ ಮಾಡಿ ಅಭ್ಯಾಸವಾಗುವ ಜಾಗಗಳೇ ಕಡಿಮೆಯಾಗಿವೆ. ನಮ್ಮ ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘಗಳಿಗೆ ನೇರ ಚುನಾವಣೆ ನಿಂತು ಮೂರು ದಶಕ ದಾಟಿತು. ನಿಲ್ಲಿಸಲು ಕಾರಣಗಳಿದ್ದವು, ಹೊಡೆದಾಟ, ಹೊರಗಿನ ಪಕ್ಷಗಳ ಕೈವಾಡ, ಎಲ್ಲವೂ ಇದ್ದವು. ಅದರ ಬೆಲೆಯೇನು ಎಂದರೆ, ಪಾಲಿಕೆ ಚುನಾವಣೆಗೆ ನಿಲ್ಲಲು ಸಂವಿಧಾನ ಅವಕಾಶ ಕೊಡುವ 21ನೇ ವಯಸ್ಸಿಗೆ ಬರುವ ಹುಡುಗ ಒಂದು ಸಣ್ಣ ಚುನಾವಣೆಯನ್ನೂ ಸೋತು ನೋಡಿರುವುದಿಲ್ಲ. ಬಡಾವಣೆಯ ಮಟ್ಟದಲ್ಲೂ ಕಥೆ ಅದೇ. ನಿಮ್ಮ ಪಾಲಿಕೆಗೆ 2018ರಲ್ಲಿ 65 ವಾರ್ಡ್‌ಗಳಿಂದ ಗೆದ್ದವರ ಅವಧಿ 2023ರಲ್ಲಿ ಮುಗಿಯಿತು. ಬೆಂಗಳೂರಿನ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದಿತ್ತು. ಅವಧಿ ಮುಗಿದ ಮೇಲೆ ಎರಡೂ ಕಡೆ ಆಡಳಿತಾಧಿಕಾರಿಗಳ ಕಾಲ ಬಂತು. ‘ನಿಮ್ಮ ಕಾರ್ಪೊರೇಟರ್ ಯಾರು?’ ಎಂಬ ಪ್ರಶ್ನೆಯನ್ನು ಆಟಕ್ಕೂ ಕೇಳಲಾಗದಂಥ ಕಾಲದಲ್ಲಿ ಬೆಳೆದವರು ನಿಮ್ಮ ಪಿಯುಸಿ ಮಕ್ಕಳು. ಇರುವ ಒಂದೇ ಶಾಲೆ ಎಂದರೆ ಗಣೇಶೋತ್ಸವದ ಸಮಿತಿ, ರಾಜ್ಯೋತ್ಸವದ ಗೆಳೆಯರ ಬಳಗ. ನಗಬೇಡಿ, ಚಂದಾ ಎತ್ತುವುದು, ಪೊಲೀಸ್ ಠಾಣೆಯಲ್ಲಿ ಅನುಮತಿ ಕೇಳುವುದು, ಪೆಂಡಾಲಿನವನ ಜೊತೆ ಚೌಕಾಸಿ ಮಾಡುವುದು, ಜಗಳ ಬಿಡಿಸುವುದು, ಎಲ್ಲವನ್ನೂ ಅಲ್ಲಿ ಕಲಿಯುತ್ತಾರೆ. ಎರಡು ಕೊರತೆ: ಹುಡುಗಿಯರಿಗೆ ಅಲ್ಲಿ ಜಾಗವಿಲ್ಲ, ಲೆಕ್ಕ ಯಾರೂ ಓದಿ ಹೇಳುವುದಿಲ್ಲ. ಆ ಎರಡನ್ನು ಸರಿಪಡಿಸಿದರೆ ಅದಕ್ಕಿಂತ ಒಳ್ಳೆಯ ತರಬೇತಿ ಶಿಬಿರವನ್ನು ನಾನು ಕಂಡಿಲ್ಲ.

ಈಗ ನೋಂದಣಿಗೆ ಬರೋಣ. ನಿಮ್ಮ ಮುಂದೆ ಮೂರು ದಾರಿಗಳಿವೆ. ಕಂಪನಿ ಕಾಯ್ದೆಯ 8ನೇ ಸೆಕ್ಷನ್ನಿನ ಲಾಭರಹಿತ ಕಂಪನಿಯನ್ನು ಬಿಟ್ಟುಬಿಡಿ, ವರ್ಷವಿಡೀ ಸಲ್ಲಿಸಬೇಕಾದ ಕಾಗದ ಪತ್ರಗಳ ಭಾರ ನಿಮ್ಮ ಗಾತ್ರಕ್ಕೆ ಹೆಚ್ಚು. ಟ್ರಸ್ಟ್ ಸುಲಭ: ಪತ್ರ ಬರೆದು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿದರೆ ಆಯಿತು, ಇಬ್ಬರು ಮೂವರಿದ್ದರೂ ಸಾಕು. ಬಹಳ ಮಂದಿ ಇದನ್ನೇ ಸೂಚಿಸುತ್ತಾರೆ. ನಾನು ಸೂಚಿಸುವುದಿಲ್ಲ. ಟ್ರಸ್ಟಿನಲ್ಲಿ ಧರ್ಮದರ್ಶಿಗಳು ಒಮ್ಮೆ ಕೂತರೆ ಸಾಮಾನ್ಯವಾಗಿ ಜೀವನಪೂರ್ತಿ ಕೂತಿರುತ್ತಾರೆ, ಪತ್ರವನ್ನು ಬರೆಯುವ ರೂಢಿಯೇ ಹಾಗೆ. ದೇವಸ್ಥಾನಕ್ಕೆ, ಆಸ್ಪತ್ರೆಗೆ ಅದು ಸರಿ. ಯುವಕರ ಸಂಸ್ಥೆಗೆ ಜೀವನಪೂರ್ತಿಯ ಪದಾಧಿಕಾರಿಗಳೆಂದರೆ ಹೇಗೆ?

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಕೆಳಗೆ ಸಂಘ ಮಾಡಿ. ಕನಿಷ್ಠ ಏಳು ಮಂದಿ ವಯಸ್ಕರು ಬೇಕು, ನೀವು ಎಂಟು ಮಂದಿ ಇದ್ದೀರಿ. ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ ಉದ್ದೇಶಗಳ ಪತ್ರ ಮತ್ತು ಬೈಲಾ, ಅಂದರೆ ಸಂಘದ ಒಳನಿಯಮಗಳನ್ನು, ಕೊಡಬೇಕು. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ, ಅದಾದ 14 ದಿನಗಳ ಒಳಗೆ ಸಮಿತಿಯ ಪಟ್ಟಿಯನ್ನೂ ಪರಿಶೋಧಿತ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಸಲ್ಲಿಸುವುದು ಕಡ್ಡಾಯ. ಅರ್ಧಕ್ಕರ್ಧ ಸಂಘಗಳು ಇದನ್ನು ಮರೆತು, ಯಾವುದೋ ಅನುದಾನ ಬರುವ ಹೊತ್ತಿಗೆ ಐದು ವರ್ಷದ ದಂಡ ಕಟ್ಟಲು ಓಡುತ್ತವೆ. ನೀವು ಮರೆಯಬೇಡಿ. ನಡಾವಳಿ ಪುಸ್ತಕವನ್ನು ಬರೆಯುವ ಕೆಲಸವನ್ನು ಮೊದಲ ದಿನದಿಂದಲೇ ವಯಸ್ಸಿನಲ್ಲಿ ಎಲ್ಲರಿಗಿಂತ ಕಿರಿಯ ಸದಸ್ಯರಿಗೆ ಕೊಡಿ. ಸಭೆಯಲ್ಲಿ ಯಾರು ಏನು ಹೇಳಿದರು ಎನ್ನುವುದಕ್ಕಿಂತ ಏನು ತೀರ್ಮಾನವಾಯಿತು ಎಂಬುದನ್ನು ಹೆಕ್ಕಿ ಬರೆಯಲು ಕಲಿತವರು ಮುಂದೆ ಯಾವ ಸಭೆಯನ್ನೂ ನಡೆಸಬಲ್ಲರು.

ಬೈಲಾವನ್ನು ಮಾತ್ರ ಪೇಟೆಯಲ್ಲಿ ಸಿಗುವ ಮಾದರಿಯಿಂದ ಇಳಿಸಿಕೊಳ್ಳಬೇಡಿ. ಸಂಸ್ಥೆಯ ಹಣೆಬರಹ ಇರುವುದೇ ಅಲ್ಲಿ. ಕಾರ್ಯಕಾರಿ ಸಮಿತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ 25ರ ಒಳಗಿನವರು ಇರಬೇಕು ಎಂದು ಬರೆಯಿರಿ. ಒಬ್ಬರಿಗೆ ಒಂದು ಹುದ್ದೆಯಲ್ಲಿ ಎರಡು ಅವಧಿ ಮಾತ್ರ ಎಂದು ಬರೆಯಿರಿ. ಮೂವತ್ತೆರಡು ತುಂಬಿದವರಿಗೆ ಸಮಿತಿಯಲ್ಲಿ ಸ್ಥಾನವಿಲ್ಲ, ಸಲಹೆಗಾರರಾಗಿರಬಹುದು, ಮತವಿಲ್ಲ ಎಂದು ಬರೆಯಿರಿ. ನಿಮ್ಮಲ್ಲಿ 31ರವರಿದ್ದಾರೆ ಎಂಬುದು ಗೊತ್ತಿದ್ದೇ ಹೇಳುತ್ತಿದ್ದೇನೆ. ಅವರು ಒಪ್ಪಿ ಸಹಿ ಹಾಕಿದರೆ ನಿಮ್ಮ ಸಂಘ ನಿಲ್ಲುತ್ತದೆ. ಯುವಜನ ಎಂದರೆ 15ರಿಂದ 29 ಎಂದು ರಾಷ್ಟ್ರೀಯ ಯುವ ನೀತಿ 2014ರಲ್ಲಿ ಗೆರೆ ಎಳೆದಿತ್ತು. ನಾನು ಕಂಡ ‘ಯುವ’ ಸಂಘಗಳ ಅಧ್ಯಕ್ಷರಲ್ಲಿ ಮೊಮ್ಮಕ್ಕಳಿರುವವರೂ ಇದ್ದಾರೆ. ಬ್ಯಾಂಕ್ ಖಾತೆಗೆ ಮೂವರಲ್ಲಿ ಇಬ್ಬರ ಜಂಟಿ ಸಹಿ ಇರಲಿ, ಒಂದು ಸಹಿ ಕಡ್ಡಾಯವಾಗಿ ಕಿರಿಯರದು. ಹದಿನೆಂಟು ತುಂಬದವರನ್ನು ಸದಸ್ಯರನ್ನಾಗಿ ಮಾಡಲಾಗದು, ಅವರಿಗೆ ಬೇರೆ ‘ಕಿರಿಯರ ಸಭೆ’ ಮಾಡಿ, ವರ್ಷದ ಆಯವ್ಯಯದಲ್ಲಿ ಒಂದು ಪಾಲನ್ನು ಅವರ ತೀರ್ಮಾನಕ್ಕೇ ಬಿಡಿ.

ಪಿಯುಸಿ ಮಕ್ಕಳ ಮಾತು ಬಂದದ್ದರಿಂದ ಇನ್ನೊಂದು. ಹದಿನೆಂಟರ ಒಳಗಿನವರ ಜೊತೆ ಕೆಲಸ ಮಾಡುವಾಗ ಪೋಷಕರ ಲಿಖಿತ ಒಪ್ಪಿಗೆ ಇರಲೇಬೇಕು, ಒಬ್ಬ ದೊಡ್ಡವರು ಒಬ್ಬ ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಇರಬಾರದು, ಹೊರ ಊರಿನ ಶಿಬಿರಕ್ಕೆ ಮಹಿಳಾ ಸ್ವಯಂಸೇವಕರಿಲ್ಲದೆ ಹೋಗಬಾರದು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಷಯ ಗಮನಕ್ಕೆ ಬಂದರೆ ಪೊಲೀಸರಿಗೆ ತಿಳಿಸುವುದು ಪ್ರತಿಯೊಬ್ಬರ ಕರ್ತವ್ಯ, ‘ಸಂಸ್ಥೆಯ ಹೆಸರು ಕೆಡುತ್ತದೆ’ ಎಂದು ಒಳಗೊಳಗೇ ಮುಗಿಸುವುದು ಅಪರಾಧ. ಈ ನಿಯಮಗಳನ್ನು ಬರೆದು ಗೋಡೆಗೆ ಹಚ್ಚಿ. ಫೋಟೊಗಳ ವಿಷಯದಲ್ಲೂ ಇದೇ ಎಚ್ಚರ ಇರಲಿ.

ಇನ್ನು ಹಣ. ನಿಮಗೆ ಮಾತು ಕೊಟ್ಟಿರುವ ಕಂಪನಿಯವರು ಒಳ್ಳೆಯವರೇ ಇರಬಹುದು, ಆದರೆ ನೋಂದಣಿಯಾದ ಮರುದಿನವೇ ಅವರ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ನಿಧಿಯಿಂದ ಚೆಕ್ ಬರುವುದಿಲ್ಲ. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಇಂಥ ಕೆಲಸಕ್ಕೆ ಖರ್ಚು ಮಾಡಬೇಕು, ನಿಜ. ಆದರೆ ಅದನ್ನು ಹೊರಗಿನ ಸಂಘ ಅಥವಾ ಟ್ರಸ್ಟಿನ ಮೂಲಕ ಖರ್ಚು ಮಾಡಬೇಕಾದರೆ ಆ ಸಂಸ್ಥೆಗೆ ಅದೇ ಬಗೆಯ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ ಇರಬೇಕು, ಎಲ್ಲರೂ 12ಎ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ) ಮತ್ತು 80ಜಿ (ದಾನಿಗಳಿಗೆ ತೆರಿಗೆ ವಿನಾಯಿತಿ) ಎಂದು ಕರೆಯುವ ಆದಾಯ ತೆರಿಗೆಯ ನೋಂದಣಿಗಳು ಇರಬೇಕು, ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ನಮೂನೆ ತುಂಬಿರಬೇಕು. ನಿಮಗಿನ್ನೂ ಯಾವುದೂ ಇಲ್ಲ. ಅಲ್ಲಿಯವರೆಗೆ ಎರಡು ಉಪಾಯಗಳಿವೆ: ಕಂಪನಿಯೇ ನೇರವಾಗಿ ಸಭಾಂಗಣದ ಬಾಡಿಗೆ, ಬಸ್ಸಿನ ಖರ್ಚನ್ನು ತನ್ನ ಲೆಕ್ಕದಲ್ಲಿ ಕೊಡುವುದು, ಇಲ್ಲವೇ ಅರ್ಹತೆ ಇರುವ ಹಳೆಯ ಸಂಸ್ಥೆಯೊಂದರ ಜೊತೆ ಸೇರಿ ಕೆಲಸ ಮಾಡುವುದು. ಎರಡನೆಯದನ್ನು ಮಾಡುವುದಾದರೆ ಒಪ್ಪಂದವನ್ನು ಬರೆದೇ ಮಾಡಿಕೊಳ್ಳಿ. ಬಾಯಿಮಾತಿನ ಮೇಲೆ ನಂಬಿ ಎರಡು ವರ್ಷದ ಕೆಲಸವನ್ನು ಇನ್ನೊಬ್ಬರ ವರದಿಯಲ್ಲಿ ಅವರ ಹೆಸರಿನಲ್ಲೇ ಓದಿದ ಅನುಭವ ನನಗಿದೆ. ವಿದೇಶಿ ಹಣದ ಯೋಚನೆಯನ್ನು ಸದ್ಯಕ್ಕೆ ಮಾಡಲೇಬೇಡಿ. ಅದಕ್ಕೂ ಮೂರು ವರ್ಷ ಆಗಿರಬೇಕು, ಆ ಅವಧಿಯಲ್ಲಿ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ಅಷ್ಟು ದೂರ ಹೋಗುವ ಅಗತ್ಯ ನಿಮಗಿಲ್ಲ.

80ಜಿ ಸಿಕ್ಕರೆ ದಾನಿಗಳು ಸಾಲುಗಟ್ಟುತ್ತಾರೆ ಎಂಬ ಭ್ರಮೆಯೂ ಬೇಡ. ಹೊಸ ತೆರಿಗೆ ಪದ್ಧತಿಗೆ ಹೋಗಿರುವ ಸಂಬಳದಾರರಿಗೆ ಅದರ ವಿನಾಯಿತಿ ಇಲ್ಲ, ಎರಡು ಸಾವಿರ ರೂಪಾಯಿ ಮೀರಿದ ನಗದಿಗಂತೂ ಯಾರಿಗೂ ಇಲ್ಲ. ನಮ್ಮನ್ನು ಮೊದಲ ಐದು ವರ್ಷ ಉಳಿಸಿದ್ದು ತಿಂಗಳಿಗೆ ಇನ್ನೂರು ರೂಪಾಯಿ ಕೊಡುವ ನೂರು ಮಂದಿ. ಕೆಲವರು ಹಳೆಯ ವಿದ್ಯಾರ್ಥಿಗಳು, ಕೆಲವರು ಅಂಗಡಿಯವರು, ಒಬ್ಬರು ನಿವೃತ್ತ ಮೇಷ್ಟ್ರು. ರಸೀದಿ ಪುಸ್ತಕ ಹಿಡಿದು ಅವರ ಮನೆಗೆ ಹೋಗುತ್ತಿದ್ದವರು ನಮ್ಮ ಹುಡುಗ ಹುಡುಗಿಯರು. ‘ಹೋದ ತಿಂಗಳು ಏನು ಮಾಡಿದಿರಪ್ಪ?’ ಎಂದು ಆ ಮೇಷ್ಟ್ರು ಬಾಗಿಲಲ್ಲೇ ನಿಲ್ಲಿಸಿ ಕೇಳುತ್ತಿದ್ದರು, ಉತ್ತರ ಸಮಾಧಾನವಾದರೆ ಮಾತ್ರ ಒಳಗೆ ಕರೆದು ಕಾಫಿ ಕೊಡುತ್ತಿದ್ದರು. ಯಾವ ಕಂಪನಿಯ ತಪಾಸಣೆಯೂ ಅಷ್ಟು ಬಿಗಿಯಾಗಿರಲಿಲ್ಲ.

ಕಂಪನಿಯ ಹಣ ಬಂದಾಗ ಇನ್ನೊಂದು ಪ್ರಲೋಭನೆ ಬರುತ್ತದೆ, ತಲೆಯೆಣಿಕೆ. ‘ಈ ವರ್ಷ ಎಷ್ಟು ಯುವಕರನ್ನು ತಲುಪಿದಿರಿ?’ ಎಂದು ಕೇಳುತ್ತಾರೆ. ಐದು ಸಾವಿರ ಎಂದು ಬರೆಯುವುದು ಸುಲಭ, ಹತ್ತು ಕಾಲೇಜುಗಳಲ್ಲಿ ಒಂದೊಂದು ಗಂಟೆ ಮೈಕು ಹಿಡಿದರೆ ಆಯಿತು. ಅಲ್ಲಿಂದ ಮತ್ತೆ ಭಾಷಣದ ಸರಣಿ ಶುರು. ನೀವು ಬೇರೆ ಲೆಕ್ಕ ಇಟ್ಟುಕೊಳ್ಳಿ: ಎರಡನೆಯ ವರ್ಷವೂ ಉಳಿದವರು ಎಷ್ಟು, ಸಭೆಯ ಅಧ್ಯಕ್ಷತೆ ವಹಿಸಿದವರು ಎಷ್ಟು, ಲೆಕ್ಕ ಓದಿದವರು ಎಷ್ಟು.

ಯಾರು ಬರುತ್ತಿದ್ದಾರೆ ಎಂಬುದನ್ನೂ ನೋಡಿ. ನೀವು ಕುವೆಂಪುನಗರದಲ್ಲಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸೇರುತ್ತೀರಿ, ಪಟ್ಟಿಯಲ್ಲಿ ಅರ್ಧ ಕಾರ್ಯಕ್ರಮಗಳ ಶೀರ್ಷಿಕೆ ಇಂಗ್ಲಿಷಿನಲ್ಲಿದೆ. ಉದಯಗಿರಿಯ ಗ್ಯಾರೇಜಿನಲ್ಲಿ, ದೇವರಾಜ ಮಾರುಕಟ್ಟೆಯ ಹೂವಿನ ಅಂಗಡಿಯಲ್ಲಿ ಓದಿನ ಜೊತೆಗೆ ದುಡಿಯುವ ಹುಡುಗನಿಗೆ ಭಾನುವಾರ ಬೆಳಗೆಂದರೆ ವಾರದ ಅತಿ ಬಿಡುವಿಲ್ಲದ ಹೊತ್ತು. ಅಶೋಕಪುರಂನ ಹುಡುಗಿ ಬರಬೇಕಾದರೆ ಸಂಜೆ ಆರರೊಳಗೆ ಮನೆ ಸೇರುವಂತಿರಬೇಕು, ಸಭೆಯ ಜಾಗದಲ್ಲಿ ಚಿಲಕ ಇರುವ ಶೌಚಾಲಯ ಇರಬೇಕು. 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿಗೆ ದುಡ್ಡಿಲ್ಲ. ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಸಭೆಗಳಲ್ಲಿ ಹುಡುಗಿಯರ ಸಂಖ್ಯೆ ಏರಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಬಸ್ ನಿಲ್ದಾಣದಿಂದ ಒಳಗೆ ಒಂದು ಕಿಲೋಮೀಟರ್ ನಡೆಯಬೇಕಾದ ಜಾಗ ಆರಿಸಿದರೆ ಆ ಲಾಭವೂ ಹೋಯಿತು. ಸಭೆ ಕನ್ನಡದಲ್ಲಿ ನಡೆಯಲಿ, ಉರ್ದುವಿನಲ್ಲಿ ಮಾತಾಡಿದರೂ ಯಾರಾದರೂ ತಿಳಿಸಿ ಹೇಳಲಿ. ಇಂಗ್ಲಿಷಿನಲ್ಲಿ ಸರಾಗವಾಗಿ ಮಾತಾಡುವವನನ್ನು ನಾವು ತಿಳಿಯದೆಯೇ ನಾಯಕ ಎಂದು ಎಣಿಸಿಬಿಡುತ್ತೇವೆ, ಅದು ನಗರದ ಹಳೆಯ ರೋಗ.

ರಾಜಕೀಯದ ಬಗ್ಗೆ ನೀವು ಕೇಳಿಲ್ಲ, ಆದರೆ ಅದು ಬಂದೇ ಬರುತ್ತದೆ. ಸ್ಥಳೀಯ ಮುಖಂಡರೊಬ್ಬರು ಹುಟ್ಟುಹಬ್ಬದ ದಿನ ನಿಮ್ಮ ಮಕ್ಕಳಿಗೆ ಟೀ ಶರ್ಟ್ ಕೊಡಲು ಬರುತ್ತಾರೆ. ಬೇಡ ಎನ್ನಿ, ಎಲ್ಲ ಪಕ್ಷದವರಿಗೂ ಅದೇ ಉತ್ತರ ಕೊಡಿ. ಸಂಸ್ಥೆ ಪಕ್ಷದಿಂದ ದೂರ ಇರಬೇಕು, ಮಕ್ಕಳು ರಾಜಕೀಯದಿಂದ ದೂರ ಇರಬೇಕಾಗಿಲ್ಲ. ನಿಮ್ಮ ಹುಡುಗಿಯೊಬ್ಬಳು ನಾಳೆ ಯಾವುದೋ ಪಕ್ಷದಿಂದ ಪಾಲಿಕೆಗೆ ನಿಂತರೆ ಸಂಸ್ಥೆಯ ಹೆಸರು ಬಳಸದಂತೆ ಹೇಳಿ, ಮನಸ್ಸಿನಲ್ಲಿ ಸಂತೋಷಪಡಿ.

ಕೊನೆಗೆ, 31ರ ಹರೆಯದ ಆ ಗೆಳೆಯರಿಗೆ ಎರಡು ಮಾತು. ನಮ್ಮ ಸಂಘದಲ್ಲಿ ನಾನು ಹದಿನಾಲ್ಕು ವರ್ಷ ಕಾರ್ಯದರ್ಶಿಯಾಗಿದ್ದೆ, ಆಗ ಬೈಲಾದಲ್ಲಿ ವಯಸ್ಸಿನ ಮಿತಿ ಇರಲಿಲ್ಲ. ಹದಿನಾಲ್ಕನೆಯ ವರ್ಷದ ಆಯವ್ಯಯ ಸಭೆಯಲ್ಲಿ, ನಾನೇ ಶುರುಮಾಡಿದ್ದ ವಾರ್ಷಿಕ ಸಮಾವೇಶವನ್ನು ಕೈಬಿಟ್ಟು ಆ ಹಣವನ್ನು ವಾರ್ಡಿನ ತಂಡಗಳಿಗೆ ಹಂಚಬೇಕು ಎಂದು ಒಂದು ಸೂಚನೆ ಬಂತು. ಮಂಡಿಸಿದ್ದು ಕಂಬದ ನಂಬರ್ ಬರೆಸಿದ್ದ ಅದೇ ಹುಡುಗಿ, ಆಗ ಅವಳು ಖಜಾಂಚಿ. ನಾನು ಇಪ್ಪತ್ತು ನಿಮಿಷ ಎದುರು ಮಾತಾಡಿದೆ, ಸಂಸ್ಥೆಯ ಇತಿಹಾಸವನ್ನೆಲ್ಲ ಹೇಳಿದೆ. ಮತಕ್ಕೆ ಹಾಕಿದರು. ಒಂಬತ್ತು, ಎರಡು. ನನ್ನ ಜೊತೆ ಕೈ ಎತ್ತಿದ ಇನ್ನೊಬ್ಬರು ಬುದ್ಧಿ ಹೇಳಬೇಕು ಎಂದಿದ್ದ ಆ ಹಿರಿಯರು. ಅವಳು ನಡಾವಳಿ ಪುಸ್ತಕವನ್ನು ನನ್ನ ಮುಂದೆ ತಳ್ಳಿ, ಕಾರ್ಯದರ್ಶಿಯ ಸಹಿ ಎಲ್ಲಿ ಬೇಕು ಎಂಬುದನ್ನು ಬೆರಳಿನಿಂದ ತೋರಿಸಿದಳು. ಸಹಿ ಮಾಡಿ, ಬೀರುವಿನ ಬೀಗದ ಕೈಯನ್ನೂ ಪುಸ್ತಕದ ಮೇಲಿಟ್ಟು ಬಂದೆ. ಮನೆಗೆ ನಡೆದುಕೊಂಡೇ ಹೋದೆ, ಆ ರಾತ್ರಿ ನಿದ್ದೆ ಬರಲಿಲ್ಲ, ಬೆಳಗಿನ ಹೊತ್ತಿಗೆ ಸಿಟ್ಟು ಇಳಿದಿತ್ತು.